ಕಾರಿಗೆ ಸರಿಯಾದ ಎಂಜಿನ್ ಆಯಿಲ್ ಯಾವುದು? ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಆಯಿಲ್ ಕುರಿತು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶಗಳನ್ನೋ ದೊಡ್ಡ ನಗರಗಳ ಡಾಂಬರು ರಸ್ತೆಗಳನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಸಂಡೂರಿನ ಅದಿರು ಲಾರಿಗಳ ಹಿಂದೆ, ಸಿಂಧನೂರಿನ ಕಾಲುವೆ ದಾರಿಗಳಲ್ಲಿ, ಕುಷ್ಟಗಿ ಮತ್ತು ಯಲಬುರ್ಗಾದ ಹೊಲದ ರಸ್ತೆಗಳಲ್ಲಿ ಓಡುವ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ನನ್ನ ಕಾರಿಗೆ ಯಾವ ಆಯಿಲ್ ಬೇಕೆಂಬುದನ್ನು ಎಲ್ಲಿ ನೋಡಬೇಕು?

ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿಯಲ್ಲಿ ನೋಡಬೇಕು. ಅಲ್ಲಿ ಮೂರು ವಿವರಗಳಿರುತ್ತವೆ: ಆಯಿಲ್‌ನ ದಪ್ಪವನ್ನು ಹೇಳುವ ಗ್ರೇಡ್, ಅದರ ಗುಣಮಟ್ಟವನ್ನು ಹೇಳುವ ಮಾನದಂಡ, ಮತ್ತು ಫಿಲ್ಟರ್ ಸಮೇತ ಬದಲಾಯಿಸುವಾಗ ಬೇಕಾಗುವ ಪ್ರಮಾಣ. ಅನೇಕ ಕಾರುಗಳಲ್ಲಿ ಆಯಿಲ್ ಹಾಕುವ ಮುಚ್ಚಳದ ಮೇಲೆಯೇ ಗ್ರೇಡನ್ನು ಮುದ್ರಿಸಿರುತ್ತಾರೆ, ಆದರೆ ಮಾನದಂಡ ಕೈಪಿಡಿಯಲ್ಲಿ ಮಾತ್ರ ಸಿಗುವುದೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಕೈಪಿಡಿ ಸಿಗದಿದ್ದವರು ತಯಾರಕರ ಜಾಲತಾಣದಲ್ಲಿ ತಮ್ಮ ಮಾದರಿ ಮತ್ತು ವರ್ಷದ ಕೈಪಿಡಿಯನ್ನು ಹುಡುಕಬಹುದು, ಇಲ್ಲವೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಚಾಸಿ ನಂಬರ್ ಕೊಟ್ಟು ಕೇಳಬಹುದು. ಒಂದೇ ಹೆಸರಿನ ಕಾರಿನಲ್ಲಿ ವರ್ಷದಿಂದ ವರ್ಷಕ್ಕೆ ಎಂಜಿನ್ ಬದಲಾಗಿರುವ ಸಾಧ್ಯತೆ ಇರುವುದರಿಂದ, ಪಕ್ಕದ ಮನೆಯವರ ಅದೇ ಕಾರಿಗೆ ಹಾಕಿದ ಆಯಿಲ್ ನಿಮ್ಮದಕ್ಕೂ ಸರಿ ಎಂದು ಭಾವಿಸಬೇಡಿ.

ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದಿದ್ದರೆ ಅದರ ಅರ್ಥವೇನು?

ಇದು ಎಸ್‌ಎಇ ಎಂಬ ಸಂಸ್ಥೆ ನಿಗದಿಪಡಿಸಿದ ದಪ್ಪದ ಅಳತೆ. ಡಬ್ಲ್ಯೂ ಅಕ್ಷರದ ಮುಂಚಿನ ಸಂಖ್ಯೆ, ತಣ್ಣಗಿರುವ ಎಂಜಿನ್ ಚಾಲೂ ಆಗುವಾಗ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ ಈ ಪರೀಕ್ಷೆಗೆ ಒಳಪಡಿಸುತ್ತಾರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಡಿಸೆಂಬರ್‌ನ ಬೆಳಗಿನ ಜಾವವೂ ಅಂತಹ ಚಳಿಯನ್ನು ಕಾಣುವುದಿಲ್ಲವಾದ್ದರಿಂದ, ಕೇವಲ ಎಂಜಿನ್ ಚಾಲೂ ಆಗಬೇಕೆಂಬ ದೃಷ್ಟಿಯಿಂದ ಈ ಸಂಖ್ಯೆಗೆ ಇಲ್ಲಿ ದೊಡ್ಡ ಮಹತ್ವವಿಲ್ಲ. ಆದರೂ ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆಯಿಲ್ ಕೆಳಗಿನ ಚೇಂಬರ್‌ಗೆ ಇಳಿದಿರುತ್ತದೆ. ಬೆಳಿಗ್ಗೆ ಅದು ಮೇಲೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ವರೆಗೆ ಬೇಗ ತಲುಪಿದಷ್ಟೂ ಸವೆತ ಕಡಿಮೆಯಾಗುತ್ತದೆ ಎಂಬುದು ಇಲ್ಲಿಯೂ ಸತ್ಯ.

ಕೊನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್‌ಗೆ ಇರುವ ದಪ್ಪವನ್ನು ಸೂಚಿಸುತ್ತದೆ. ಅದನ್ನು ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ: 30 ಗ್ರೇಡ್ ಎಂದರೆ 9.3ರಿಂದ 12.5 ಸೆಂಟಿಸ್ಟೋಕ್, 40 ಗ್ರೇಡ್ ಎಂದರೆ 12.5ರಿಂದ 16.3 ಸೆಂಟಿಸ್ಟೋಕ್. ಎಂಜಿನ್ ತನ್ನ ಆಯುಷ್ಯದ ಬಹುಪಾಲನ್ನು ಈ ಬಿಸಿಯಲ್ಲೇ ಕಳೆಯುವುದರಿಂದ, ಬೇರಿಂಗ್‌ಗಳ ನಡುವಿನ ಸಂದು ಮತ್ತು ಆಯಿಲ್ ಪಂಪಿನ ವಿನ್ಯಾಸವೆಲ್ಲ ಈ ಸಂಖ್ಯೆಯನ್ನು ಆಧರಿಸಿರುತ್ತದೆ.

ರಾಯಚೂರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಇಷ್ಟು ಬಿಸಿಲಿಗೆ ದಪ್ಪ ಆಯಿಲ್ ಹಾಕುವುದು ಒಳ್ಳೆಯದಲ್ಲವೇ?

ಗ್ಯಾರೇಜುಗಳಲ್ಲಿ ಅತಿ ಹೆಚ್ಚು ಕೇಳಿಬರುವ ಸಲಹೆ ಇದು: "ನಮ್ಮ ಬಿಸಿಲಿಗೆ ತೆಳ್ಳನೆಯ ಆಯಿಲ್ ತಡೆಯುವುದಿಲ್ಲ, 20ಡಬ್ಲ್ಯೂ-50 ಹಾಕಿಸಿ." ಹೇಳುವವರ ಉದ್ದೇಶ ಒಳ್ಳೆಯದೇ ಆದರೂ ಈ ಮಾತು ಇಂದಿನ ಕಾರುಗಳಿಗೆ ಹೊಂದುವುದಿಲ್ಲ.

ಓಡುತ್ತಿರುವ ಎಂಜಿನ್‌ನಲ್ಲಿ ಆಯಿಲ್ ಸಾಮಾನ್ಯವಾಗಿ 90ರಿಂದ 110 ಡಿಗ್ರಿಯಷ್ಟು ಕಾದಿರುತ್ತದೆ. ಆ ಬಿಸಿಯನ್ನು ಹತೋಟಿಯಲ್ಲಿ ಇಡುವುದು ಥರ್ಮೋಸ್ಟಾಟ್, ರೇಡಿಯೇಟರ್ ಮತ್ತು ಫ್ಯಾನ್. ಹೊರಗೆ 25 ಡಿಗ್ರಿ ಇರಲಿ, 42 ಡಿಗ್ರಿ ಇರಲಿ, ಈ ಮೂರೂ ಸರಿಯಾಗಿದ್ದರೆ ಒಳಗಿನ ಬಿಸಿಯಲ್ಲಿ ಆಗುವ ವ್ಯತ್ಯಾಸ ತೀರಾ ಕಡಿಮೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲಿ ನಿಲ್ಲಿಸಿಟ್ಟ ಕಾರಿನ 5ಡಬ್ಲ್ಯೂ-30 ಆಯಿಲ್, ಅದೇ ಎಂಜಿನ್ ಪೂರ್ತಿ ಕಾದಾಗ ಇರುವುದಕ್ಕಿಂತ ಸುಮಾರು ಐದಾರು ಪಟ್ಟು ದಪ್ಪವಾಗಿಯೇ ಇರುತ್ತದೆ. ನಮಗೆ ಸಹಿಸಲಾಗದ ಬಿಸಿಲು ಎಂಜಿನ್ ಆಯಿಲ್‌ನ ಪಾಲಿಗೆ ತಂಪೇ ಸರಿ.

ಬೇಕಾದದ್ದಕ್ಕಿಂತ ದಪ್ಪವಾದ ಆಯಿಲ್ ಹಾಕಿದಾಗ ಚಾಲೂ ಮಾಡಿದ ಕೂಡಲೇ ಅದು ಕಿರಿದಾದ ದಾರಿಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಈಗಿನ ಎಂಜಿನ್‌ಗಳಲ್ಲಿ ವಾಲ್ವುಗಳ ಸಮಯವನ್ನು ಹೊಂದಿಸುವ ವ್ಯವಸ್ಥೆ ಮತ್ತು ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಅವು ತಡವಾಗಿ ಸ್ಪಂದಿಸಿದರೆ ಬೆಳಗಿನ ಹೊತ್ತು ಚೈನ್ ಸದ್ದು ಕೇಳಿಬರುತ್ತದೆ, ಮೈಲೇಜ್ ಇಳಿಯುತ್ತದೆ. 0ಡಬ್ಲ್ಯೂ-20 ಅಥವಾ 0ಡಬ್ಲ್ಯೂ-16 ಕೇಳುವ ಈಚಿನ ಪೆಟ್ರೋಲ್ ಕಾರುಗಳಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವಾರಂಟಿ ಇರುವ ಕಾರಾದರೆ ಅದಕ್ಕೂ ತೊಡಕು ಬರಬಹುದು.

ಒಂದು ವಿನಾಯಿತಿ ಇದೆ. ಕೆಲವು ಕೈಪಿಡಿಗಳಲ್ಲಿ ಹೊರಗಿನ ತಾಪಮಾನಕ್ಕೆ ಅನುಗುಣವಾಗಿ ಎರಡು ಮೂರು ಗ್ರೇಡ್‌ಗಳ ಪಟ್ಟಿ ಕೊಟ್ಟಿರುತ್ತಾರೆ. ಅಂತಹ ಪಟ್ಟಿಯಲ್ಲಿ 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಎರಡೂ ಇದ್ದು, ನೀವು ತುಂಬಿದ ಕಾರಿನಲ್ಲಿ ಎಸಿ ಹಾಕಿಕೊಂಡು ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವರಾದರೆ, 40ನ್ನು ಆರಿಸುವುದು ನಮ್ಮ ಭಾಗಕ್ಕೆ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ಇಲ್ಲದ ಗ್ರೇಡಿಗೆ ಹೋಗಬಾರದು.

ಬಿಸಿಲಿನ ಚಿಂತೆ ಇರುವವರು ಎಂಜಿನ್ ತಂಪಾಗಿಡುವ ದ್ರವವಾದ ಕೂಲೆಂಟ್ ಕಡೆಗೆ ಗಮನ ಕೊಡಲಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಈ ಭಾಗದ ಅಂತರ್ಜಲ ಗಡಸು. ಅದರ ಲವಣಗಳು ಒಳಗೆ ಪೊರೆಗಟ್ಟಿ ಶಾಖ ಹೊರಹೋಗದಂತೆ ಮಾಡುತ್ತವೆ, ಆಗ ಯಾವ ಆಯಿಲ್ ಹಾಕಿದರೂ ಎಂಜಿನ್ ಅತಿಯಾಗಿ ಕಾಯುತ್ತದೆ.

ಹಾಗಾದರೆ ನಮ್ಮ ಭಾಗದಲ್ಲಿ ಎಂಜಿನ್‌ಗೆ ಹೆಚ್ಚಿನ ಅಪಾಯ ಯಾವುದರಿಂದ?

ಧೂಳಿನಿಂದ. ಸಂಡೂರು ಮತ್ತು ತೋರಣಗಲ್ಲು ಸುತ್ತಲಿನ ಕೆಂಪು ಅದಿರಿನ ಪುಡಿ, ರಾಯಚೂರಿನ ಎರೆಭೂಮಿಯ ಬೇಸಿಗೆಯ ಹುಡಿ, ಭತ್ತ ಕೊಯ್ಲಿನ ಕಾಲದಲ್ಲಿ ಗಂಗಾವತಿ ಮತ್ತು ಮಾನ್ವಿ ಕಡೆ ಗಾಳಿಯಲ್ಲಿ ತೇಲುವ ಹೊಟ್ಟು, ಇವೆಲ್ಲ ಎಂಜಿನ್ ಉಸಿರಾಡುವ ಗಾಳಿಯಲ್ಲೇ ಇರುತ್ತವೆ. ಮಣ್ಣಿನಲ್ಲಿರುವ ಸಿಲಿಕಾ ಕಣ ಎಂಜಿನ್‌ನ ಅನೇಕ ಲೋಹದ ಭಾಗಗಳಿಗಿಂತ ಗಟ್ಟಿ. ಅದು ಏರ್ ಫಿಲ್ಟರ್ ದಾಟಿ ಒಳಗೆ ಬಂದರೆ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವೆ ಸಿಕ್ಕಿ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಫಿಲ್ಟರ್ ದೊಡ್ಡ ಕಣಗಳನ್ನು ಹಿಡಿಯುತ್ತದೆಯೇ ಹೊರತು ತೀರಾ ಸಣ್ಣ ಕಣಗಳನ್ನೆಲ್ಲ ಹಿಡಿಯಲಾರದು, ಮತ್ತು ಬೇರಿಂಗ್‌ನ ಆಯಿಲ್ ಪದರದಷ್ಟೇ ಗಾತ್ರದ ಆ ಸಣ್ಣ ಕಣಗಳೇ ಹೆಚ್ಚು ಕೆಡುಕು ಮಾಡುವಂಥವು. ಹೀಗೆ ಧೂಳು ಬೆರೆತ ಆಯಿಲ್, ಅದು ಎಷ್ಟೇ ಬೆಲೆಯದಾಗಿರಲಿ, ಲೋಹವನ್ನು ಸಾಣೆಯಂತೆ ತೇಯುತ್ತದೆ.

ಆದ್ದರಿಂದ ಏರ್ ಫಿಲ್ಟರನ್ನು ಆಯಿಲ್‌ನಷ್ಟೇ ಶ್ರದ್ಧೆಯಿಂದ ನೋಡಿಕೊಳ್ಳಬೇಕು. ಅದರ ಪೆಟ್ಟಿಗೆಯ ಕ್ಲಿಪ್ಪುಗಳು ಪೂರ್ತಿ ಕೂತಿವೆಯೇ, ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿಲ್ಲವೇ, ಅದರ ಒಳಮೈಯಲ್ಲಿ ಕೆಂಪು ಹುಡಿ ಕಾಣುತ್ತಿದೆಯೇ ಎಂದು ನೋಡಿ. ಕೊಳವೆಯೊಳಗೆ ಬೆರಳಾಡಿಸಿದಾಗ ಧೂಳು ಅಂಟಿದರೆ ಫಿಲ್ಟರ್ ತಪ್ಪಾಗಿ ಕೂತಿದೆ, ಹರಿದಿದೆ ಅಥವಾ ಕಳಪೆಯದು ಎಂದು ತಿಳಿಯಬೇಕು. ಕಾಗದದ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಹತ್ತಿರ ಹಿಡಿದು ಊದಿದರೆ ಅದರ ಎಳೆಗಳು ಹರಿಯುತ್ತವೆ. ಪದೇ ಪದೇ ಊದಿಸುವುದಕ್ಕಿಂತ ಹೊಸದನ್ನು ಹಾಕಿಸುವುದೇ ಕ್ಷೇಮ.

ಎಷ್ಟು ಕಿಲೋಮೀಟರ್‌ಗೆ ಆಯಿಲ್ ಬದಲಾಯಿಸಬೇಕು?

ಅನೇಕ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಆದರೆ ಅದೇ ಕೈಪಿಡಿಯ ಇನ್ನೊಂದು ಪುಟದಲ್ಲಿ ಕಠಿಣ ಬಳಕೆ ಎಂಬ ಪಟ್ಟಿ ಇರುತ್ತದೆ: ಧೂಳಿನ ರಸ್ತೆ, ಸಣ್ಣ ಸಣ್ಣ ಓಡಾಟ, ನಿಂತಲ್ಲೇ ಎಂಜಿನ್ ಓಡಿಸುವುದು, ಭಾರ ಎಳೆಯುವುದು. ನಮ್ಮ ಮೂರು ಜಿಲ್ಲೆಗಳ ಬಹಳಷ್ಟು ಕಾರುಗಳು ಈ ಪಟ್ಟಿಯೊಳಗೇ ಬರುತ್ತವೆ. ಗಣಿ ರಸ್ತೆಯಲ್ಲಿ ದಿನವೂ ಓಡುವ ಕಾರಿಗೆ 5,000 ಕಿ.ಮೀ. ದಾಟಿಸಬಾರದು ಎಂಬುದು ನನ್ನ ಖಚಿತ ಸಲಹೆ.

ಎಪಿಎಂಸಿ ಅಂಗಳದಲ್ಲೋ ಆಸ್ಪತ್ರೆಯ ಮುಂದೆಯೋ ಎಸಿ ಹಾಕಿಕೊಂಡು ಗಂಟೆಗಟ್ಟಲೆ ಕಾಯುವ ಕಾರುಗಳ ವಿಷಯವನ್ನೂ ಹೇಳಬೇಕು. ಮೀಟರ್‌ನಲ್ಲಿ ಒಂದು ಕಿಲೋಮೀಟರೂ ಏರುವುದಿಲ್ಲ, ಆದರೆ ಆಯಿಲ್ ಅಷ್ಟು ಹೊತ್ತೂ ದುಡಿಯುತ್ತಲೇ ಇರುತ್ತದೆ. ಬಾಡಿಗೆ ಕಾರಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಅವಧಿಗೆ ಮುಂಚೆಯೇ ಬದಲಾಯಿಸುವುದು ಒಳಿತು. ವರ್ಷಕ್ಕೆ ಎರಡು ಮೂರು ಸಾವಿರ ಕಿ.ಮೀ. ಮಾತ್ರ ಓಡುವ ಕಾರಿಗೂ ವರ್ಷಕ್ಕೊಮ್ಮೆ ಹೊಸ ಆಯಿಲ್ ಬೇಕೇ ಬೇಕು, ಏಕೆಂದರೆ ಪೂರ್ತಿ ಕಾಯದ ಎಂಜಿನ್‌ನಲ್ಲಿ ಉಳಿಯುವ ತೇವಾಂಶ ಮತ್ತು ಸುಡದ ಇಂಧನ ಆಯಿಲ್‌ಗೆ ಸೇರುತ್ತವೆ. ಎಥನಾಲ್ ಬೆರೆತ ಪೆಟ್ರೋಲ್ ಬಳಸುವಾಗ ಈ ಎಚ್ಚರಿಕೆ ಇನ್ನಷ್ಟು ಅಗತ್ಯ.

ಮಿನರಲ್, ಸೆಮಿ ಸಿಂಥೆಟಿಕ್, ಫುಲ್ಲಿ ಸಿಂಥೆಟಿಕ್: ಯಾವುದನ್ನು ಕೊಳ್ಳಬೇಕು?

ಮಿನರಲ್ ಆಯಿಲ್ ಕಚ್ಚಾ ತೈಲದಿಂದ ನೇರವಾಗಿ ಶುದ್ಧೀಕರಿಸಿದ್ದು. ಸಿಂಥೆಟಿಕ್ ಎಂದರೆ ಅದರ ಅಣುರಚನೆಯನ್ನು ಬಹುಮಟ್ಟಿಗೆ ಮಾರ್ಪಡಿಸಿದ್ದು ಅಥವಾ ರಾಸಾಯನಿಕವಾಗಿ ಹೊಸದಾಗಿ ಕಟ್ಟಿದ್ದು. ಸಿಂಥೆಟಿಕ್ ಹೆಚ್ಚು ಬಿಸಿಯಲ್ಲಿ ಬೇಗ ಆವಿಯಾಗುವುದಿಲ್ಲ, ಬೇಗ ಜಿಡ್ಡುಗಟ್ಟುವುದಿಲ್ಲ. ಟರ್ಬೊ, ಅಂದರೆ ಎಂಜಿನ್ ಒಳಕ್ಕೆ ಹೆಚ್ಚು ಗಾಳಿ ನೂಕುವ ಸಾಧನ, ಇರುವ ಕಾರಿಗೆ ಇದು ಅಗತ್ಯವೆಂದೇ ಹೇಳಬೇಕು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ಕಡ್ಡಿ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ, ಆ ಜಾಗದ ಬಿಸಿಗೆ ಕಳಪೆ ಆಯಿಲ್ ಕರಕಲಾಗಿ ದಾರಿ ಕಟ್ಟಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಬಂದು ನಿಂತ ತಕ್ಷಣ ಎಂಜಿನ್ ಆರಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಡಬೇಕೆನ್ನುವುದೂ ಇದೇ ಕಾರಣಕ್ಕೆ.

0ಡಬ್ಲ್ಯೂ-20ರಂತಹ ಗ್ರೇಡ್‌ಗಳು ಸಿಂಥೆಟಿಕ್‌ನಲ್ಲೇ ಸಿಗುವುದರಿಂದ ಅಲ್ಲಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಹಳೆಯ ಕಾರ್ಬ್ಯುರೇಟರ್ ಕಾರಿಗೆ, ಕೈಪಿಡಿ 20ಡಬ್ಲ್ಯೂ-40 ಹೇಳಿದ್ದರೆ, ಒಳ್ಳೆಯ ಮಿನರಲ್ ಆಯಿಲನ್ನು ಸಮಯಕ್ಕೆ ಸರಿಯಾಗಿ ಬದಲಾಯಿಸಿದರೆ ಸಾಕು. ಸಿಂಥೆಟಿಕ್ ಹಾಕಿದ ಮಾತ್ರಕ್ಕೆ ಅವಧಿಯನ್ನು ದುಪ್ಪಟ್ಟು ಮಾಡಬಹುದೆಂಬ ನಂಬಿಕೆ ಧೂಳಿನ ಊರಿನಲ್ಲಿ ನಿಲ್ಲುವುದಿಲ್ಲ. ಆಯಿಲ್ ಎಷ್ಟೇ ಒಳ್ಳೆಯದಾಗಿರಲಿ, ಅದರೊಳಗೆ ಸೇರಿದ ಧೂಳು ಹೊರಹೋಗುವುದು ಆಯಿಲ್ ಇಳಿಸಿದಾಗ ಮಾತ್ರ.

ಎಪಿಐ ಎಸ್‌ಎನ್, ಎಸ್‌ಪಿ, ಸಿಐ-4 ಎಂಬ ಅಕ್ಷರಗಳು ಏನನ್ನು ಹೇಳುತ್ತವೆ?

ಎಪಿಐ ಎಂಬುದು ಆಯಿಲ್ ಗುಣಮಟ್ಟದ ಮಾನದಂಡ ನಿಗದಿಪಡಿಸುವ ಅಮೆರಿಕದ ಸಂಸ್ಥೆ. ಅದರ ಗುರುತುಗಳಲ್ಲಿ ಎಸ್ ಅಕ್ಷರದಿಂದ ಶುರುವಾಗುವುದು ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದಿಂದ ಶುರುವಾಗುವುದು ಡೀಸೆಲ್ ಎಂಜಿನ್‌ಗೆ. ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ ಬಂದವು. ಪೆಟ್ರೋಲ್ ಆಯಿಲ್‌ಗಳಲ್ಲಿ ಹೊಸ ಮಾನದಂಡದ್ದನ್ನು ಹಳೆಯದರ ಬದಲಿಗೆ ಬಳಸಬಹುದು, ಹಳೆಯದನ್ನು ಹೊಸದರ ಬದಲಿಗೆ ಬಳಸಬಾರದು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಎಕ್ಸಲರೇಟರ್ ಜೋರಾಗಿ ಒತ್ತಿದಾಗ, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಸಮಸ್ಯೆ ಇದೆ. ಎಸ್‌ಪಿ ಮಾನದಂಡದಲ್ಲಿ ಅದನ್ನು ತಡೆಯುವ ಪರೀಕ್ಷೆಯೂ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಸೇರಿವೆ. ಇಂತಹ ಕಾರು ಇರುವವರು ಎಸ್‌ಪಿಗಿಂತ ಕೆಳಗಿನದನ್ನು ಕೊಳ್ಳದಿರುವುದು ಮೇಲು.

ಮನೆಯಲ್ಲಿ ಟ್ರ್ಯಾಕ್ಟರ್‌ಗೆಂದು ತಂದ 15ಡಬ್ಲ್ಯೂ-40 ಆಯಿಲ್ ಇದೆ. ಡೀಸೆಲ್ ಕಾರಿಗೂ ಅದನ್ನೇ ಹಾಕಬಹುದೇ?

ಸಿರುಗುಪ್ಪ, ಕಂಪ್ಲಿ, ಲಿಂಗಸುಗೂರು ಕಡೆಯ ರೈತರು ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ಉತ್ತರ ಕಾರಿನ ವಯಸ್ಸನ್ನು ಅವಲಂಬಿಸಿದೆ. ಹಳೆಯ ಡೀಸೆಲ್ ಕಾರಿನ ಕೈಪಿಡಿ 15ಡಬ್ಲ್ಯೂ-40 ಗ್ರೇಡನ್ನೂ ಡಬ್ಬಿಯ ಮೇಲಿನ ಮಾನದಂಡವನ್ನೂ ಒಪ್ಪಿದ್ದರೆ ಹಾಕಬಹುದು.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರುಗಳಿಗೆ ಖಂಡಿತ ಹಾಕಬಾರದು. ಇವುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಇರುತ್ತದೆ. ಹಿಡಿದ ಮಸಿಯನ್ನು ಎಂಜಿನ್ ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟುಹಾಕುತ್ತದೆ. ಆದರೆ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂತಹ ಲೋಹಾಂಶಗಳಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಆದ್ದರಿಂದ ಇಂತಹ ಕಾರುಗಳಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಯುರೋಪಿನ ಕಾರು ತಯಾರಕರ ಸಂಘವಾದ ಎಸಿಇಎಯ ಸಿ2, ಸಿ3 ಮುಂತಾದ ಗುರುತುಗಳು ಅದನ್ನೇ ಸೂಚಿಸುತ್ತವೆ. ಸಿ3 ಆಯಿಲ್‌ನಲ್ಲಿ ಬೂದಿಯ ಅಂಶ 0.8 ಶೇಕಡಾ ಮೀರುವಂತಿಲ್ಲ. ಡಿಪಿಎಫ್ ಕಟ್ಟಿಕೊಂಡರೆ ಹೊಸದನ್ನು ಹಾಕಿಸುವ ಖರ್ಚಿನ ಮುಂದೆ ಆಯಿಲ್‌ನಲ್ಲಿ ಉಳಿಸಿದ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಡೀಸೆಲ್ ಕಾರಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆ. ಏಕೆ?

ಡಿಪಿಎಫ್‌ನ ಮಸಿಯನ್ನು ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಈ ಕ್ರಿಯೆ ಅರ್ಧಕ್ಕೇ ನಿಂತರೆ, ಸ್ವಲ್ಪ ಡೀಸೆಲ್ ಸಿಲಿಂಡರ್ ಗೋಡೆಯ ಮೂಲಕ ಚೇಂಬರ್‌ಗೆ ಇಳಿದು ಆಯಿಲನ್ನು ತೆಳ್ಳಗೆ ಮಾಡುತ್ತದೆ. ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ ಕಿಲೋಮೀಟರ್ ಎಷ್ಟೇ ಆಗಿರಲಿ, ಆಯಿಲ್ ಬದಲಾಯಿಸಬೇಕು. ಬಳ್ಳಾರಿ ನಗರದೊಳಗೇ ಓಡಾಡುವವರು ಆಗಾಗ ಹೊಸಪೇಟೆಯ ಕಡೆಗೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಮಸಿ ಸುಡುವ ಕೆಲಸ ಪೂರ್ಣಗೊಳ್ಳುತ್ತದೆ. ಇಂತಹ ಕಾರು ಬೇಕೋ ಬೇಡವೋ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸುವುದು ಇನ್ನೂ ಒಳ್ಳೆಯದು.

ಕಾರು ಒಂದೂವರೆ ಲಕ್ಷ ಕಿ.ಮೀ. ಓಡಿದೆ, ಆಯಿಲ್ ಕುಡಿಯುತ್ತಿದೆ. ಗ್ರೇಡ್ ಬದಲಾಯಿಸಬೇಕೇ?

ಮೊದಲು ಸೋರಿಕೆ ಇದೆಯೇ ಎಂದು ನೋಡಿಸಿ. ವಾಲ್ವ್ ಕವರ್ ಪ್ಯಾಕಿಂಗ್, ಡ್ರೈನ್ ಬೋಲ್ಟ್ ಮತ್ತು ಕ್ರ್ಯಾಂಕ್ ಸೀಲ್‌ಗಳಲ್ಲಿ ಸೋರುವ ಆಯಿಲನ್ನು ಎಂಜಿನ್ ಸುಡುತ್ತಿದೆ ಎಂದು ಭಾವಿಸುವುದು ಸಾಮಾನ್ಯ. ಸೋರಿಕೆ ಇಲ್ಲದೆ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಕೈಪಿಡಿ ಅನುಮತಿಸಿದ್ದರೆ 5ಡಬ್ಲ್ಯೂ-30ರಿಂದ 5ಡಬ್ಲ್ಯೂ-40ಕ್ಕೆ ಹೋಗುವುದರಿಂದ ಆಯಿಲ್ ಕುಡಿಯುವುದು ಸ್ವಲ್ಪ ಇಳಿಯಬಹುದು. ನೇರವಾಗಿ 20ಡಬ್ಲ್ಯೂ-50ಕ್ಕೆ ಜಿಗಿದರೆ ಹೊಗೆ ಕೆಲಕಾಲ ಕಡಿಮೆಯಾದಂತೆ ಕಂಡರೂ ಒಳಗಿನ ಸವೆತ ಹಾಗೆಯೇ ಉಳಿಯುತ್ತದೆ.

ಹೊಸ ಆಯಿಲ್ ಬೇಗ ಕಪ್ಪಾದರೆ ಅದು ಕೆಟ್ಟಿತೆಂದು ಅರ್ಥವೇ?

ಅಲ್ಲ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ. ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಬೆರೆತಂತೆ ಬಿಳಿಚಿಕೊಂಡಿದ್ದರೆ ಕೂಲೆಂಟ್ ಸೇರಿರಬಹುದು, ಆಗ ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಬೇಕು. ಕೈಗವಸು ಹಾಕಿಕೊಂಡು ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ತಾಗಿದರೆ ಏರ್ ಫಿಲ್ಟರನ್ನು ಪರೀಕ್ಷಿಸಿ.

ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಅದೇ ಕಂಪನಿಯದು ಸಿಗದಿದ್ದರೆ?

ಅದೇ ಗ್ರೇಡ್ ಮತ್ತು ಮಾನದಂಡದ ಬೇರೆ ಕಂಪನಿಯ ಆಯಿಲನ್ನು ಸೇರಿಸಬಹುದು. ಮಿನರಲ್ ಮತ್ತು ಸಿಂಥೆಟಿಕ್ ಬೆರೆತರೆ ಹಾಲಿನಂತೆ ಒಡೆಯುತ್ತವೆ ಎಂಬುದು ನಿಜವಲ್ಲ. ಅದೇ ಗ್ರೇಡೂ ಸಿಗದಿದ್ದರೆ ಹತ್ತಿರದ ಗ್ರೇಡನ್ನು ಬೇಕಾದಷ್ಟೇ ಸೇರಿಸಿ ಊರು ತಲುಪಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ಆದರೆ ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದ್ದರೆ ಒಂದು ಕಿಲೋಮೀಟರೂ ಮುಂದೆ ಹೋಗದೆ ಎಂಜಿನ್ ಆರಿಸಬೇಕು. ಮಟ್ಟ ನೋಡುವಾಗ ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷವಾಗಿರಲಿ. ಮೇಲಿನ ಗುರುತು ದಾಟಿಸಿ ತುಂಬಬಾರದು, ಏಕೆಂದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ.

ಬೈಕಿನ ಆಯಿಲನ್ನು ಕಾರಿಗೆ, ಕಾರಿನದನ್ನು ಬೈಕಿಗೆ ಹಾಕಬಹುದೇ?

ಬೇಡ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ; ಕಾರಿನ ಆಯಿಲ್‌ನಲ್ಲಿರುವ ಘರ್ಷಣೆ ತಗ್ಗಿಸುವ ಅಂಶಗಳಿಂದ ಅದು ಜಾರಲಾರಂಭಿಸುತ್ತದೆ.

ನಕಲಿ ಆಯಿಲ್ ಗುರುತಿಸುವುದು ಹೇಗೆ? ಬಿಡಿಯಾಗಿ ಕೊಳ್ಳಬಹುದೇ?

ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲ್‌ನಲ್ಲಿ ಏನಿದೆ ಎಂಬುದು ನಿಮಗೆ ತಿಳಿಯುವ ದಾರಿಯಿಲ್ಲ, ಆದ್ದರಿಂದ ಸೀಲ್ ಇರುವ ಡಬ್ಬಿಯನ್ನೇ ಕೊಳ್ಳಿ. ಸಾರ್ವಜನಿಕ ತೈಲ ಕಂಪನಿಗಳ ಸರ್ವೊ, ಮ್ಯಾಕ್, ಎಚ್‌ಪಿ ಆಯಿಲ್‌ಗಳು ಅವರವರ ಪೆಟ್ರೋಲ್ ಬಂಕ್‌ಗಳಲ್ಲೇ ದೊರೆಯುವುದರಿಂದ ಸಣ್ಣ ಊರುಗಳಲ್ಲಿ ಅದು ಅನುಕೂಲದ ದಾರಿ. ಮುಚ್ಚಳದ ಉಂಗುರ, ಅದರ ಒಳಗಿನ ಸೀಲ್, ಬ್ಯಾಚ್ ನಂಬರ್ ಮತ್ತು ತಯಾರಿಕೆಯ ದಿನಾಂಕ ಸ್ಪಷ್ಟವಾಗಿರಬೇಕು. ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಪರೀಕ್ಷಿಸಿ, ಬಿಲ್ ಕೇಳಿ ಪಡೆಯಿರಿ. ಖಾಲಿ ಡಬ್ಬಿಯನ್ನು ಹಾಗೇ ಬಿಟ್ಟುಬರಬೇಡಿ, ತಳಕ್ಕೆ ತೂತು ಮಾಡಿ ಬನ್ನಿ, ಏಕೆಂದರೆ ನಕಲಿ ಆಯಿಲ್ ತುಂಬುವುದು ಅಸಲಿ ಡಬ್ಬಿಗಳಿಗೇ.

ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸುವಾಗ ಏನನ್ನು ಗಮನಿಸಬೇಕು?

ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಇಳಿಸಿದರೆ ಕೊಳೆ ಪೂರ್ತಿ ಹೊರಬರುತ್ತದೆ. ಆಯಿಲ್ ಫಿಲ್ಟರನ್ನು ಪ್ರತಿ ಬಾರಿಯೂ ಬದಲಾಯಿಸಬೇಕು. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್‌ಗೆ ಅಂಟಿಕೊಂಡು ಉಳಿದಿದ್ದು ಅದರ ಮೇಲೆಯೇ ಹೊಸದನ್ನು ಬಿಗಿದರೆ, ಹೆದ್ದಾರಿಯಲ್ಲಿ ಆಯಿಲ್ ಪೂರ್ತಿ ಸೋರಿಹೋಗಬಹುದು. ಇದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಡ್ರೈನ್ ಬೋಲ್ಟಿಗೆ ಹೊಸ ವಾಶರ್ ಹಾಕಿಸಿ. ಫ್ಲಶಿಂಗ್ ದ್ರವ ಅಥವಾ ಆಯಿಲ್‌ಗೆ ಸೇರಿಸುವ ಬಾಟಲಿಗಳನ್ನು ಕೊಳ್ಳುವ ಅಗತ್ಯವಿಲ್ಲ. ಒಳ್ಳೆಯ ಆಯಿಲ್‌ನಲ್ಲಿ ಬೇಕಾದ ರಾಸಾಯನಿಕಗಳು ಅಳತೆಗೆ ತಕ್ಕಂತೆ ಇದ್ದೇ ಇರುತ್ತವೆ.

ಇಳಿಸಿದ ಹಳೆಯ ಆಯಿಲನ್ನು ಏನು ಮಾಡಬೇಕು?

ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯಲು, ಕೃಷಿ ಉಪಕರಣಗಳಿಗೆ ಸವರಲು ಸುಟ್ಟ ಆಯಿಲನ್ನು ಮನೆಗೆ ಒಯ್ಯುವ ರೂಢಿ ಹಳ್ಳಿಗಳಲ್ಲಿದೆ. ಅದರಲ್ಲಿ ಚರ್ಮದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ರಾಸಾಯನಿಕಗಳೂ ಸವೆದ ಲೋಹದ ಕಣಗಳೂ ಇರುತ್ತವೆ. ಬರಿಗೈಯಲ್ಲಿ ಮುಟ್ಟುವುದೂ ಮಕ್ಕಳ ಕೈಗೆ ಸಿಗುವಂತೆ ಇಡುವುದೂ ಸಲ್ಲದು. ಚರಂಡಿಗೋ ಹೊಲದ ಬದುವಿಗೋ ಸುರಿದರೆ ಅದು ಕಾಲುವೆಯನ್ನೂ ಬಾವಿಯನ್ನೂ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯವಾಗಿದ್ದು, ಅನುಮತಿ ಪಡೆದ ಮರುಸಂಸ್ಕರಣಾ ಘಟಕಗಳಿಗೆ ಹೋಗಬೇಕು. ಮನೆಯಲ್ಲೇ ಆಯಿಲ್ ಬದಲಾಯಿಸುವವರು ಅದನ್ನು ಹಳೆಯ ಡಬ್ಬಿಯಲ್ಲಿ ತುಂಬಿ, ನೀರು ಅಥವಾ ಬೇರೆ ದ್ರವ ಬೆರೆಸದೆ, ಹೀಗೆ ಸಂಗ್ರಹಿಸಿ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಬಹುದು.